ಕುಳಿತವರಿಗೆ ವಿಹಾರ, ಬಡಿಸುವವರಿಗೆ ವ್ರತ

ಮಳೆಗಾಲ ಕಳೆದು ಅರಬ್ಬೀ ಸಮುದ್ರ ಶಾಂತವಾಯಿತೆಂದರೆ ಪಣಂಬೂರಿನ ನವಮಂಗಳೂರು ಬಂದರಿಗೆ ಬೇರೆಯೇ ತರದ ಅತಿಥಿಗಳು ಬರತೊಡಗುತ್ತಾರೆ. ಕಚ್ಚಾ ತೈಲ, ಕಲ್ಲಿದ್ದಲು, ರಸಗೊಬ್ಬರ ಹೊತ್ತ ಹಡಗುಗಳ ನಡುವೆ ಒಂದು ಮುಂಜಾನೆ ಬೆಳ್ಳಗಿನ, ಸಾಲು ಸಾಲು ಕಿಟಕಿಗಳ, ಬಹುಮಹಡಿ ಕಟ್ಟಡದಂಥ ಹಡಗೊಂದು ಬಂದು ನಿಲ್ಲುತ್ತದೆ. ಯಕ್ಷಗಾನದ ವೇಷಗಳು ಸ್ವಾಗತ ಕೋರುತ್ತವೆ. ಇಳಿದ ವಿದೇಶೀಯರು ಬಸ್ಸು, ಟ್ಯಾಕ್ಸಿ ಹತ್ತಿ ಕುದ್ರೋಳಿಯ ಗೋಕರ್ಣನಾಥೇಶ್ವರ ದೇವಸ್ಥಾನ, ಸಂತ ಅಲೋಶಿಯಸ್ ಚಾಪೆಲ್‌ನ ಗೋಡೆಚಿತ್ರಗಳು, ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳದ ಗೊಮ್ಮಟ, ಗೇರುಬೀಜದ ಕಾರ್ಖಾನೆ ಎಂದು ಸುತ್ತುತ್ತಾರೆ. ಕತ್ತಲಾಗುವಷ್ಟರಲ್ಲಿ ಹಡಗು ಕೊಚ್ಚಿಯ ಕಡೆಗೋ ಗೋವಾದ ಕಡೆಗೋ ಹೊರಟುಹೋಗುತ್ತದೆ. ನೀರುದೋಸೆ, ಕೋರಿರೊಟ್ಟಿಯ ಊರಿಗೆ ಬಂದವರಲ್ಲಿ ಹೆಚ್ಚಿನವರು ರಾತ್ರಿಯ ಊಟಕ್ಕೆ ಮಾತ್ರ ತಮ್ಮ ಹಡಗಿಗೇ ಮರಳುತ್ತಾರೆ.

1974ರ ಮೇ 4ರಂದು ದೇಶದ ಒಂಬತ್ತನೆಯ ಪ್ರಮುಖ ಬಂದರೆಂದು ಘೋಷಿತವಾಗಿ, 1975ರ ಜನವರಿಯಲ್ಲಿ ಇಂದಿರಾ ಗಾಂಧಿಯವರಿಂದ ವಿಧ್ಯುಕ್ತವಾಗಿ ಉದ್ಘಾಟನೆಗೊಂಡ ಈ ಬಂದರು ಮೂಲತಃ ಸರಕಿನ ಬಂದರು. ವಿಹಾರ ನೌಕೆಗಳು ಅದಕ್ಕೆ ಆಮೇಲೆ ಸೇರಿದ ಅಲಂಕಾರ. ಕೋವಿಡ್ ಭೀತಿಯಲ್ಲಿ 2020ರ ಮಾರ್ಚ್‌ನಲ್ಲಿ ‘ಎಂ.ಎಸ್.ಸಿ. ಲಿರಿಕಾ’ ಎಂಬ ನೌಕೆಗೆ ಇಲ್ಲಿ ಪ್ರವೇಶ ನಿರಾಕರಿಸಲಾಯಿತು. ಮತ್ತೆ ವಿಹಾರ ನೌಕೆ ಕಾಣಿಸಿದ್ದು 2022ರ ನವೆಂಬರ್ 28ರಂದು. ಅಂದು ಬಂದ ‘ಯುರೋಪಾ 2’ ನೌಕೆಯಲ್ಲಿ ಪ್ರಯಾಣಿಕರಿದ್ದದ್ದು 270ರಷ್ಟು. ಸಿಬ್ಬಂದಿ 370ಕ್ಕೂ ಹೆಚ್ಚು!

ಅತಿಥಿಗಳಿಗಿಂತ ಆತಿಥ್ಯ ಮಾಡುವವರೇ ಹೆಚ್ಚು ಎನ್ನುವ ಈ ಲೆಕ್ಕ ಮಂಗಳೂರಿಗರಿಗೆ ಬರೀ ಕುತೂಹಲದ ಸಂಗತಿಯಲ್ಲ. ಜಗತ್ತಿನ ಯಾವುದೋ ಸಮುದ್ರದಲ್ಲಿ ತೇಲುತ್ತಿರುವ ಇಂಥದೇ ಹಡಗುಗಳ ಅಡುಗೆಮನೆ, ಊಟದ ಸಾಲೆಗಳಲ್ಲಿ ನಮ್ಮ ಕರಾವಳಿಯ ಮಕ್ಕಳೂ ಇದ್ದಾರೆ. ‘ಮಗ ಶಿಪ್ಪಿನಲ್ಲಿದ್ದಾನೆ’ ಎಂಬ ಮಾತು ಇಲ್ಲಿಯ ಮದುವೆ ಮನೆಗಳಲ್ಲಿ ಹೊಸತೇನಲ್ಲ. ಪಿಯುಸಿ ಫಲಿತಾಂಶ ಬಂದಾಗ ಹೋಟೆಲ್ ಮ್ಯಾನೇಜ್‌ಮೆಂಟ್ ಕೋರ್ಸಿನ ಅರ್ಜಿ ತರುವ ಎಷ್ಟೋ ವಿದ್ಯಾರ್ಥಿಗಳ ಮನಸ್ಸಿನಲ್ಲಿ ಇರುವುದು ಈ ಬಿಳಿ ಹಡಗೇ. ಅದರ ಥಳುಕಿನ ಚಿತ್ರ ಎಲ್ಲರೂ ನೋಡಿದ್ದಾರೆ. ಆದರೆ ಆ ಊಟದ ಮೇಜಿಗೆ ಎರಡು ಬದಿಗಳಿವೆ. ಕುಳಿತವರ ಬದಿಯನ್ನು ಸಿನಿಮಾ ತೋರಿಸುತ್ತದೆ. ನಿಂತವರ ಬದಿಯನ್ನು ಹೊರಡುವ ಮೊದಲೇ ತಿಳಿದುಕೊಳ್ಳುವುದು ವಿದ್ಯಾರ್ಥಿಗೂ ಹೆತ್ತವರಿಗೂ ಒಳ್ಳೆಯದು.

ಅಪರಿಚಿತರ ಪಂಕ್ತಿ

ದೊಡ್ಡ ನೌಕೆಗಳಲ್ಲಿ ರಾತ್ರಿಯ ಊಟವೆಂದರೆ ಹೊಟ್ಟೆಪಾಡು ಮಾತ್ರವಲ್ಲ, ಅದು ಆ ದಿನದ ಮುಖ್ಯ ಸಮಾರಂಭ. ಹಳೆಯ ಪದ್ಧತಿಯಂತೆ ಊಟಕ್ಕೆ ಎರಡು ಪಂಕ್ತಿ. ಸಂಜೆ ಆರರ ಸುಮಾರಿಗೆ ಒಂದು, ಎಂಟೂವರೆಯ ಸುಮಾರಿಗೆ ಇನ್ನೊಂದು. ಪ್ರಯಾಣದ ಮೊದಲ ರಾತ್ರಿ ಯಾರಿಗೆ ಯಾವ ಮೇಜು ಗೊತ್ತಾಗುತ್ತದೆಯೋ ಕೊನೆಯ ರಾತ್ರಿಯವರೆಗೂ ಅದೇ ಮೇಜು, ಅದೇ ಸಹಭೋಜಕರು, ಬಡಿಸುವವನೂ ಅವನೇ. ಮೊದಲ ದಿನ ಹವಾಮಾನದ ಬಗ್ಗೆ ಮಾತಾಡಿದ ಅಪರಿಚಿತರು ಮೂರನೆಯ ದಿನಕ್ಕೆ ಮೊಮ್ಮಕ್ಕಳ ಫೋಟೋ ತೋರಿಸುತ್ತಾರೆ. ಕೊನೆಯ ದಿನಕ್ಕೆ ವಿಳಾಸ ಬರೆದುಕೊಳ್ಳುತ್ತಾರೆ. ಒಂದೆರಡು ರಾತ್ರಿ ಕೋಟು, ಟೈ, ಉದ್ದ ನಿಲುವಂಗಿಗಳ ವಿಶೇಷ ಭೋಜನವಿರುತ್ತದೆ. ಕ್ಯಾಪ್ಟನ್ ಬಂದು ಎಲ್ಲರಿಗೂ ಸ್ವಾಗತ ಹೇಳುವುದು, ಆಯ್ದ ಕೆಲವರನ್ನು ತನ್ನ ಮೇಜಿಗೆ ಕರೆಯುವುದು ಹಳೆಯ ಕಾಲದ ಹಡಗುಗಳಿಂದ ಉಳಿದುಬಂದ ಮರ್ಯಾದೆ.

2000ದಲ್ಲಿ ನಾರ್ವೀಜಿಯನ್ ಕ್ರೂಸ್ ಲೈನ್ ಕಂಪೆನಿ ಈ ಕಟ್ಟನ್ನು ಸಡಿಲಿಸಿತು. ಯಾವಾಗ ಬೇಕಾದರೂ, ಯಾರೊಂದಿಗೆ ಬೇಕಾದರೂ, ಯಾವ ರೆಸ್ಟೋರೆಂಟಿನಲ್ಲಿ ಬೇಕಾದರೂ ಊಟ ಮಾಡಿ ಎಂದಿತು. ಉಳಿದ ಕಂಪೆನಿಗಳೂ ಹಳೆಯ ಪದ್ಧತಿಯ ಜತೆಗೆ ಇಂಥ ಅನುಕೂಲ ಒದಗಿಸತೊಡಗಿದವು. 2024ರ ಜನವರಿಯಲ್ಲಿ ಯಾನ ಆರಂಭಿಸಿದ ‘ಐಕಾನ್ ಆಫ್ ದಿ ಸೀಸ್’ ನೌಕೆಯಲ್ಲಿ ಕೋಣೆಗೆ ಇಬ್ಬರಂತೆ ಲೆಕ್ಕ ಹಾಕಿದರೂ 5,610 ಪ್ರಯಾಣಿಕರು, 2,350 ಸಿಬ್ಬಂದಿ. ಊಟ-ತಿಂಡಿಗೆ ಇಪ್ಪತ್ತಕ್ಕೂ ಹೆಚ್ಚು ಜಾಗಗಳು. ನಮ್ಮ ಒಂದು ಸಣ್ಣ ಪೇಟೆಯೇ ಹೊಸಿಲು ದಾಟಿ ನೀರಿಗಿಳಿದಂತೆ!

ಈ ಮೇಜಿನ ಶಿಸ್ತು ನೋಡಿ ಗಾಬರಿಯಾಗಬೇಕಿಲ್ಲ. ತಟ್ಟೆಯ ಎರಡೂ ಬದಿ ಸಾಲಾಗಿ ಇಟ್ಟ ಚಮಚ, ಮುಳ್ಳುಚಮಚ, ಚಾಕುಗಳನ್ನು ಹೊರಗಿನಿಂದ ಒಳಕ್ಕೆ ಒಂದೊಂದಾಗಿ ಬಳಸಬೇಕು. ಒಂದು ಮೇಜಿನವರೆಲ್ಲ ಉಂಡು ಮುಗಿಸುವ ಮೊದಲು ಯಾರ ತಟ್ಟೆಯನ್ನೂ ಎತ್ತಬಾರದು. ಬಾಳೆ ಎಲೆಯ ಕುಡಿ ಎಡಕ್ಕೆ ಇರಬೇಕು, ಉಪ್ಪು-ಉಪ್ಪಿನಕಾಯಿಗೆ ಅದರದೇ ಜಾಗ, ಪಂಕ್ತಿಯಲ್ಲಿ ಎಲ್ಲರ ಊಟ ಮುಗಿಯುವ ತನಕ ಏಳಬಾರದು ಎಂದು ಅಜ್ಜಿಯಿಂದ ಕಲಿತವರಿಗೆ ಇದು ಹೊಸ ಶಾಸ್ತ್ರವಲ್ಲ, ಅದೇ ಶಾಸ್ತ್ರದ ಇನ್ನೊಂದು ಪಾಠ.

ಮಾತೂ ಒಂದು ಬಡಿಸುವ ಪದಾರ್ಥ

ಊಟದ ಸಾಲೆಯಲ್ಲಿ ಕೆಲವು ಮೇಜುಗಳಿಗೆ ಒಬ್ಬ ವೇಟರ್, ಅವನಿಗೊಬ್ಬ ಸಹಾಯಕ. ಹಲವು ವೇಟರುಗಳ ಮೇಲೆ ಹೆಡ್ ವೇಟರ್, ಇಡೀ ಸಾಲೆಗೆ ‘ಮೇತ್ರ್ ಡಿ’ ಎಂಬ ಫ್ರೆಂಚ್ ಹೆಸರಿನ ಯಜಮಾನ. ಸಹಾಯಕನಾಗಿ ಸೇರಿದವನು ಮೆಟ್ಟಿಲು ಮೆಟ್ಟಿಲಾಗಿ ಮೇಲೇರಬೇಕು. ತಟ್ಟೆ ಹೊರುವುದು ತೋಳಿನ ಕೆಲಸ. ಅದನ್ನು ಕೆಲವೇ ವಾರಗಳಲ್ಲಿ ಕಲಿಯಬಹುದು. ಕಷ್ಟದ ವಿದ್ಯೆ ಬೇರೆ.

ಎರಡನೆಯ ರಾತ್ರಿಗೆ ಮೇಜಿನಲ್ಲಿ ಕುಳಿತವರೆಲ್ಲರ ಹೆಸರು ಬಾಯಿಗೆ ಬರಬೇಕು. ಯಾರಿಗೆ ಸಕ್ಕರೆ ಕಾಯಿಲೆ, ಯಾರಿಗೆ ಶೇಂಗಾ ತಿಂದರೆ ಮೈಗಾಗದು, ಯಾರು ಮಾಂಸ ಮುಟ್ಟುವುದಿಲ್ಲ ಎಂಬುದು ನೆನಪಿರಬೇಕು. ಶೇಂಗಾದ ವಿಷಯದಲ್ಲಿ ಮರೆತರೆ ಅದು ಜೀವಕ್ಕೇ ಬರಬಹುದು. ನಗಿಸಬೇಕು, ಆದರೆ ಸಲಿಗೆ ಮಿತಿ ಮೀರಬಾರದು. ಗಂಡ-ಹೆಂಡತಿ ಮುನಿಸಿಕೊಂಡು ಕುಳಿತಿದ್ದರೆ ಅದನ್ನು ಕಂಡೂ ಕಾಣದಂತೆ ಸಾರು ಬಡಿಸಿ ಸರಿಯಬೇಕು. ಒಂಟಿಯಾಗಿ ಬಂದ ವೃದ್ಧೆಗೆ ಎರಡು ಮಾತು ಹೆಚ್ಚು ಬೇಕು. ಮಧುಚಂದ್ರದ ಜೋಡಿಗೆ ಎರಡು ಮಾತು ಕಡಿಮೆ ಸಾಕು. ಪ್ರಯಾಣ ಮುಗಿದ ಮೇಲೆ ಪ್ರಯಾಣಿಕರು ಸೇವೆಗೆ ಅಂಕ ಕೊಡುತ್ತಾರೆ. ಆ ಅಂಕಗಳೇ ಮುಂದಿನ ಬಡ್ತಿಯ ಶಿಫಾರಸು.

ತುಳು, ಕೊಂಕಣಿ, ಬ್ಯಾರಿ, ಕನ್ನಡ, ಹಿಂದಿ, ಇಂಗ್ಲಿಷ್ ಎಂದು ದಿನಕ್ಕೆ ನಾಲ್ಕು ಭಾಷೆ ಬದಲಿಸುತ್ತ ಬೆಳೆದ ಮಂಗಳೂರಿನ ಹುಡುಗ ಹುಡುಗಿಯರಿಗೆ ಇದರಲ್ಲಿ ಒಂದು ಹೆಜ್ಜೆ ಮುಂದಿನಿಂದಲೇ ಓಟ ಶುರು ಮಾಡಿದಂತೆ. ಬಡಿಸುವ ಕಸುಬು ಈ ನೆಲಕ್ಕೆ ಹೊಸತೂ ಅಲ್ಲ. ಕಡಂದಲೆಯಿಂದ ಮದ್ರಾಸಿಗೆ ಹೋಗಿ ಅಡುಗೆಮನೆಯ ಚಾಕರಿಯಿಂದ ಆರಂಭಿಸಿದ ಕೆ. ಕೃಷ್ಣರಾಯರು 1938ರಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲು ಕಟ್ಟಿದರು. ಉಡುಪಿ ಹೋಟೆಲಿನ ‘ಮಾಣಿ’ಯಾಗಿ ಊರು ಬಿಟ್ಟವರು ಮುಂಬಯಿಯಲ್ಲಿ ಹೋಟೆಲು ಮಾಲೀಕರಾದ ಕತೆಗಳು ಪ್ರತಿ ಗ್ರಾಮದಲ್ಲೂ ಇವೆ. 1986ರಲ್ಲಿ ಮಣಿಪಾಲದಲ್ಲಿ ವೆಲ್‌ಕಮ್‌ಗ್ರೂಪ್ ಹೋಟೆಲ್ ಆಡಳಿತ ಕಾಲೇಜು ಆರಂಭವಾದ ಮೇಲೆ ಈ ಕಸುಬಿಗೆ ಪದವಿಯ ಗೌರವವೂ ಸೇರಿತು. ಮಂಗಳೂರಿನಲ್ಲೂ ಇಂಥ ಕಾಲೇಜುಗಳು ಬಂದವು. ಬದಲಾದದ್ದು ದೂರ. ಮುಂಬಯಿಯ ಮಾಣಿ ಅಷ್ಟಮಿಗೆ ಊರಿಗೆ ಬರಬಹುದಿತ್ತು. ಹಡಗಿನ ವೇಟರ್‌ಗೆ ಆ ಸೌಲಭ್ಯವಿಲ್ಲ.

ಬಾಗಿಲಿನ ಆಚೆ

ಊಟದ ಸಾಲೆಯ ತಳ್ಳುಬಾಗಿಲು ದಾಟಿದರೆ ಸಂಗೀತ ನಿಲ್ಲುತ್ತದೆ, ಪಾತ್ರೆಗಳ ಸದ್ದು ಶುರುವಾಗುತ್ತದೆ. ಹಡಗಿನ ಅಡುಗೆಮನೆಗೆ ‘ಗ್ಯಾಲಿ’ ಎಂದು ಹೆಸರು. ಬಿಸಿ ಅಡುಗೆಗೆ ಒಂದು ಭಾಗ, ಸಲಾಡು ಮೊದಲಾದ ತಣ್ಣನೆಯ ಪದಾರ್ಥಗಳಿಗೆ ಒಂದು, ಬ್ರೆಡ್ಡು ಸುಡಲು ಇನ್ನೊಂದು, ಮಾಂಸ ಕತ್ತರಿಸಲು ಬೇರೆ ಕೋಣೆ. ಕುಡಿಯುವ ನೀರಿನ ಬಹುಪಾಲನ್ನು ಸಮುದ್ರದ ನೀರಿನಿಂದ ಉಪ್ಪು ಬೇರ್ಪಡಿಸಿ ಹಡಗಿನಲ್ಲೇ ತಯಾರಿಸುತ್ತಾರೆ. ವಾರಕ್ಕೆ ಬೇಕಾದ ದಿನಸಿ, ತರಕಾರಿ, ಮೀನು, ಮೊಟ್ಟೆಯನ್ನು ಬಂದರಿನಲ್ಲಿ ನಿಂತ ಕೆಲವೇ ತಾಸುಗಳಲ್ಲಿ ತುಂಬಿಕೊಳ್ಳಬೇಕು. ಕೊತ್ತಂಬರಿ ಸೊಪ್ಪು ಮುಗಿಯಿತೆಂದು ನಡುಗಡಲಿನಿಂದ ಮಾರ್ಕೆಟ್ಟಿಗೆ ಓಡುವಂತಿಲ್ಲ.

ಸಾವಿರಾರು ಮಂದಿ ಒಂದೇ ಸೂರಿನಡಿ ಉಣ್ಣುವಾಗ ಒಬ್ಬರ ವಾಂತಿ-ಭೇದಿ ಎರಡು ದಿನಗಳಲ್ಲಿ ನೂರು ಮಂದಿಯದಾಗಬಹುದು. ನೋರೋವೈರಸ್ ಎಂಬ ಸೋಂಕು ಹಡಗುಗಳ ದೊಡ್ಡ ಹೆದರಿಕೆ. ಆದ್ದರಿಂದ ಶುಚಿತ್ವವೆಂದರೆ ಅಲ್ಲಿ ಮಡಿಗಿಂತ ಕಟ್ಟುನಿಟ್ಟು. ತಣ್ಣನೆಯ ಪದಾರ್ಥ 5 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೇರಬಾರದು, ಬಿಸಿ ಪದಾರ್ಥ 57 ಡಿಗ್ರಿಗಿಂತ ಕೆಳಗಿಳಿಯಬಾರದು. ಪಾತ್ರೆಗೆ ಮೂರು ಹಂತ: ತೊಳೆಯುವುದು, ಜಾಲಿಸುವುದು, ಕ್ರಿಮಿನಾಶಕದಲ್ಲಿ ಅದ್ದುವುದು. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ 1970ರ ದಶಕದಲ್ಲಿ ಆರಂಭಿಸಿದ ಹಡಗು ನೈರ್ಮಲ್ಯ ತಪಾಸಣೆಯಲ್ಲಿ ನೂರಕ್ಕೆ 86 ಬಂದರೆ ತೇರ್ಗಡೆ, 85 ಬಂದರೆ ನಪಾಸು. ನಮ್ಮ ಪರೀಕ್ಷೆಗಳಲ್ಲಿ 85 ಎಂದರೆ ಡಿಸ್ಟಿಂಕ್ಷನ್. ಪೇಡೆ ಹಂಚುವ ಅಂಕ. ಹಡಗಿನ ಅಡುಗೆಮನೆಯಲ್ಲಿ ಅದೇ ಅಂಕ ತಲೆತಗ್ಗಿಸುವ ಅಂಕ. ಈ ಒಂದು ವ್ಯತ್ಯಾಸ ಅರ್ಥವಾದರೆ ಆ ಕೆಲಸದ ಸ್ವಭಾವ ಅರ್ಥವಾದಂತೆ.

ವೇಟರ್ ಕೂಡ ನಾವಿಕ

1912ರ ಏಪ್ರಿಲ್ 14ರ ರಾತ್ರಿ ಟೈಟಾನಿಕ್ ಹಡಗಿನಲ್ಲಿ ನಡೆದ ಭೋಜನದ ವೈಭವವನ್ನು ಲೋಕವೆಲ್ಲ ಸಿನಿಮಾದಲ್ಲಿ ಕಂಡಿದೆ. ಆ ಹಡಗಿನಲ್ಲಿ ಮೊದಲ ದರ್ಜೆಯವರಿಗಾಗಿ ಲೂಯಿಜಿ ಗಾಟ್ಟಿ ಎಂಬ ಇಟಲಿಯವನು ನಡೆಸುತ್ತಿದ್ದ ಪ್ರತ್ಯೇಕ ರೆಸ್ಟೋರೆಂಟ್ ಇತ್ತು. ಅದರಲ್ಲಿ ದುಡಿಯುತ್ತಿದ್ದವರು ಅರವತ್ತಕ್ಕೂ ಹೆಚ್ಚು. ಹೆಚ್ಚಿನವರು ಇಟಲಿ, ಫ್ರಾನ್ಸ್‌ಗಳ ತರುಣರು. ಬದುಕಿ ಬಂದವರು ಮೂವರೇ, ಗಾಟ್ಟಿಯೂ ಉಳಿಯಲಿಲ್ಲ. ಈ ದುರಂತದ ಬೆನ್ನಿಗೇ 1914ರಲ್ಲಿ ಸಮುದ್ರದಲ್ಲಿ ಜೀವರಕ್ಷಣೆಯ ಅಂತಾರಾಷ್ಟ್ರೀಯ ಒಪ್ಪಂದ ರೂಪುಗೊಂಡಿತು.

ಇಂದು ಹಡಗಿಗೆ ಕಾಲಿಡುವ ಪ್ರತಿಯೊಬ್ಬ ಸಿಬ್ಬಂದಿಯೂ, ಆತ ಕೇಕು ಮಾಡುವವನಾದರೂ, ಮೂಲ ಸುರಕ್ಷಾ ತರಬೇತಿ ಪಡೆದಿರಲೇಬೇಕು. ನೀರಿನಲ್ಲಿ ಜೀವ ಉಳಿಸಿಕೊಳ್ಳುವುದು, ಬೆಂಕಿ ಆರಿಸುವುದು, ಪ್ರಥಮ ಚಿಕಿತ್ಸೆ, ಹಡಗಿನಲ್ಲಿ ಇತರರೊಡನೆ ಹೊಣೆಯರಿತು ನಡೆದುಕೊಳ್ಳುವುದು ಇದರ ನಾಲ್ಕು ಭಾಗ. ತುರ್ತು ಸಂದರ್ಭದಲ್ಲಿ ಯಾರು ಯಾವ ಮೆಟ್ಟಿಲ ಬಳಿ ನಿಲ್ಲಬೇಕು, ಯಾವ ಜೀವದೋಣಿಗೆ ಯಾರನ್ನು ಕರೆದೊಯ್ಯಬೇಕು ಎಂಬುದು ಪಟ್ಟಿಯಲ್ಲಿರುತ್ತದೆ. ಮಧ್ಯಾಹ್ನ ಸೂಪು ಬಡಿಸಿದ ಕೈಯೇ ಸಂಜೆ ಅಭ್ಯಾಸದಲ್ಲಿ ಲೈಫ್ ಜಾಕೆಟ್ಟು ತೊಡಿಸುತ್ತದೆ. ‘ಹೋಟೆಲ್ ಕೆಲಸ ತಾನೇ’ ಎಂದು ಹಗುರಾಗಿ ಹೇಳುವವರು ಇದನ್ನು ಗಮನಿಸಬೇಕು.

ಉಣಿಸುವವರ ಊಟ

ಸಿಬ್ಬಂದಿಗೆ ಪ್ರಯಾಣಿಕರ ಮೇಜಿನಲ್ಲಿ ಜಾಗವಿಲ್ಲ. ಅವರಿಗೆ ಪ್ರತ್ಯೇಕ ಮೆಸ್ ಇದೆ. ಹಲವಾರು ದೇಶಗಳವರು ದುಡಿಯುವ ಜಾಗವಾದ್ದರಿಂದ ಅನ್ನ ಸಾಮಾನ್ಯವಾಗಿ ಸಿಗುತ್ತದೆ. ಆದರೆ ಅಮ್ಮನ ಕೈಯ ಮೀನು ಸಾರು ಸಿಗುವುದಿಲ್ಲ. ಫಿಲಿಪ್ಪೀನ್ಸ್, ಇಂಡೋನೇಷ್ಯಾ, ಕೆರಿಬಿಯನ್ ದ್ವೀಪಗಳು, ಪೂರ್ವ ಯುರೋಪಿನವರೊಡನೆ ಕುಳಿತು ಉಣ್ಣುವುದೇ ಒಂದು ಶಿಕ್ಷಣ. ಪ್ರಯಾಣಿಕರ ಒಡನಾಟ ಒಂದು ವಾರದ್ದು. ಅದು ಮುಗುಳ್ನಗೆಯ ಒಡನಾಟ. ಸಿಬ್ಬಂದಿಯ ಒಡನಾಟವೇ ನಿಜವಾದದ್ದು. ಹೆಚ್ಚಿನವರಿಗೆ ನೀರಿನ ಮಟ್ಟದ ಆಸುಪಾಸಿನ ಸಣ್ಣ ಕೋಣೆ, ಅದರಲ್ಲೂ ಇನ್ನೊಬ್ಬರ ಪಾಲು. ಜ್ವರ ಬಂದಾಗ ನೀರು ಕೊಡುವವನು ಆ ಇನ್ನೊಬ್ಬನೇ. ಪ್ರಯಾಣಿಕರೊಡನೆ ಸಲಿಗೆ ಬೆಳೆಸಿದರೆ ಕೆಲಸ ಹೋಗಬಹುದು. ಈ ವಿಷಯದಲ್ಲಿ ಕಂಪೆನಿಗಳು ದಯೆ ತೋರುವುದಿಲ್ಲ.

ಕರಾರು ಸಾಮಾನ್ಯವಾಗಿ ಆರರಿಂದ ಒಂಬತ್ತು ತಿಂಗಳು. ಅಷ್ಟು ಕಾಲ ಭಾನುವಾರದ ರಜೆಯಿಲ್ಲ. ‘ಕಡಲ ಕಾರ್ಮಿಕ ಒಪ್ಪಂದ 2006’ ಎಂಬ ಅಂತಾರಾಷ್ಟ್ರೀಯ ನಿಯಮದಂತೆ ದಿನಕ್ಕೆ ಕನಿಷ್ಠ 10 ಗಂಟೆ, ವಾರಕ್ಕೆ ಕನಿಷ್ಠ 77 ಗಂಟೆ ವಿಶ್ರಾಂತಿ ಕೊಡಬೇಕು. ದಿನದ ವಿಶ್ರಾಂತಿಯನ್ನು ಎರಡಕ್ಕಿಂತ ಹೆಚ್ಚು ತುಂಡು ಮಾಡಬಾರದು, ಒಂದು ತುಂಡಾದರೂ 6 ಗಂಟೆಯದಿರಬೇಕು. ಭಾರತ ಈ ಒಪ್ಪಂದವನ್ನು 2015ರಲ್ಲಿ ಅನುಮೋದಿಸಿತು. ಬೆಳಗ್ಗಿನ ತಿಂಡಿ, ಮಧ್ಯಾಹ್ನದ ಊಟ, ರಾತ್ರಿಯ ಎರಡು ಪಂಕ್ತಿ ಎಂದು ದಿನವನ್ನು ಹಂಚಿಕೊಂಡು ದುಡಿಯುವವರಿಗೆ ಆ 6 ಗಂಟೆಯ ನಿದ್ದೆಯೇ ಆಸ್ತಿ. ಊಟ, ವಸತಿಗೆ ಖರ್ಚಿಲ್ಲ ನಿಜ. ಆದರೆ ಬಹುತೇಕ ಕೆಲಸಗಳಲ್ಲಿ ಕರಾರು ಮುಗಿದು ಮನೆಗೆ ಬಂದ ತಿಂಗಳುಗಳಿಗೆ ಸಂಬಳವಿಲ್ಲ. ಆರು ತಿಂಗಳ ಗಳಿಕೆಯನ್ನು ಎಂಟು ತಿಂಗಳಿಗೆ ಹಂಚಿ ಬಾಳುವ ಲೆಕ್ಕ ಮೊದಲೇ ಬರಬೇಕು.

2020ರ ಫೆಬ್ರವರಿಯಲ್ಲಿ ಜಪಾನಿನ ಯೊಕೊಹಾಮಾ ಬಂದರಿನಲ್ಲಿ ನಿಂತ ‘ಡೈಮಂಡ್ ಪ್ರಿನ್ಸೆಸ್’ ನೌಕೆ ಈ ಬದುಕಿನ ಇನ್ನೊಂದು ಮುಖವನ್ನು ತೋರಿಸಿತು. ಹಡಗಿನಲ್ಲಿದ್ದ 3,711 ಮಂದಿಯಲ್ಲಿ 700ಕ್ಕೂ ಹೆಚ್ಚು ಮಂದಿಗೆ ಕೋವಿಡ್ ತಗಲಿತು. ಅಲ್ಲಿದ್ದ 138 ಭಾರತೀಯರಲ್ಲಿ 132 ಮಂದಿ ಸಿಬ್ಬಂದಿಯೇ. ಪ್ರಯಾಣಿಕರನ್ನು ಕೋಣೆಗಳಲ್ಲಿ ಪ್ರತ್ಯೇಕವಾಗಿ ಇರಿಸಿದ ಮೇಲೂ ಅಡುಗೆ ಮಾಡಿ ಬಾಗಿಲು ಬಾಗಿಲಿಗೆ ಊಟ ಮುಟ್ಟಿಸಿದವರು ಇವರಂಥ ಸಿಬ್ಬಂದಿ. ಮುಂದಿನ ತಿಂಗಳು ಲೋಕದ ವಿಹಾರ ನೌಕೆಗಳೆಲ್ಲ ಲಂಗರು ಹಾಕಿದವು. ಕರಾರಿನ ಮೇಲೆ ದುಡಿಯುತ್ತಿದ್ದ ಎಷ್ಟೋ ಮಂದಿ ತಿಂಗಳುಗಟ್ಟಲೆ ಮನೆಯಲ್ಲಿ ಕುಳಿತರು. ಕಡಲಿನ ಗಳಿಕೆಯನ್ನೇ ನಂಬಿ ದೊಡ್ಡ ಸಾಲ ಮಾಡಿದವರಿಗೆ ಅದು ಕಹಿ ಪಾಠ.

ಹೊರಡುವ ಮುನ್ನ

ಹಾಗೆಂದು ಈ ದಾರಿ ಬೇಡವೆಂದು ಹೇಳುವಂತಿಲ್ಲ. ಇಪ್ಪತ್ತೆರಡರ ವಯಸ್ಸಿನಲ್ಲಿ ಲೋಕ ನೋಡಿ, ಮನೆಯ ಸಾಲ ತೀರಿಸಿ, ತಂಗಿಯ ಓದಿಗೆ ನೆರವಾದವರು ಇಲ್ಲಿದ್ದಾರೆ. ಬೇಕಾದದ್ದು ಕಣ್ಣು ತೆರೆದು ಹೊರಡುವುದು.

ಮೊದಲನೆಯದು ಏಜೆಂಟರ ಸಂಗತಿ. ಹಡಗಿಗೆ ಜನ ಸೇರಿಸುವ ಸಂಸ್ಥೆಗೆ ಮುಂಬಯಿಯಲ್ಲಿರುವ ಕೇಂದ್ರ ಸರಕಾರದ ನೌಕಾಯಾನ ಮಹಾನಿರ್ದೇಶನಾಲಯದ, ಅಂದರೆ ಎಲ್ಲರೂ ‘ಡಿ.ಜಿ. ಶಿಪ್ಪಿಂಗ್’ ಎನ್ನುವ ಕಚೇರಿಯ, ಪರವಾನಗಿ ಬೇಕು. ಅದಕ್ಕೆ ‘ಆರ್.ಪಿ.ಎಸ್.ಎಲ್.’ ಎನ್ನುತ್ತಾರೆ. ಪರವಾನಗಿ ಪಡೆದವರ ಪಟ್ಟಿಯನ್ನು ಯಾರು ಬೇಕಾದರೂ ನೋಡಬಹುದು. ಕಡಲ ಕಾರ್ಮಿಕ ಒಪ್ಪಂದದಂತೆ ಕೆಲಸ ಕೊಡಿಸಲು ಅಭ್ಯರ್ಥಿಯಿಂದ ಹಣ ಪಡೆಯುವಂತಿಲ್ಲ. ಪಾಸ್‌ಪೋರ್ಟ್, ವೈದ್ಯಕೀಯ ಪ್ರಮಾಣಪತ್ರ, ನಾವಿಕರ ಗುರುತಿನ ಪುಸ್ತಕದ ಖರ್ಚು ಮಾತ್ರ ಅಭ್ಯರ್ಥಿಯದು. ವೀಸಾದ ಖರ್ಚೂ ಹಡಗಿನ ಮಾಲೀಕರದೇ. ‘ಸೀಟು ಹಿಡಿಸಲು ಇಷ್ಟು ಲಕ್ಷ’ ಎಂದು ಯಾರಾದರೂ ಕೇಳಿದರೆ ಆ ಬಾಗಿಲಿನಿಂದಲೇ ಹಿಂದಿರುಗಬೇಕು. ಅಮ್ಮನ ಬಳೆ ಅಡವಿಟ್ಟು ಕೊಂಡುಕೊಳ್ಳುವ ಕೆಲಸ ಇದಲ್ಲ.

ಎರಡನೆಯದು ಕಾಗದಪತ್ರ. ಸುರಕ್ಷಾ ತರಬೇತಿಯನ್ನು ಸರಕಾರದ ಮಾನ್ಯತೆ ಇರುವ ಕೇಂದ್ರದಲ್ಲೇ ಪಡೆಯಬೇಕು. ಕರಾರುಪತ್ರವನ್ನು ಸಹಿಗೆ ಮೊದಲು ಓದಬೇಕು: ಯಾವ ಹುದ್ದೆ, ಎಷ್ಟು ತಿಂಗಳು, ಮೂಲ ಸಂಬಳವೆಷ್ಟು, ಪ್ರಯಾಣಿಕರ ಬಕ್ಷೀಸಿನ ಪಾಲು ಹೇಗೆ, ಮರಳಿ ಬರುವ ವಿಮಾನದ ಖರ್ಚು ಯಾರದು. ಅದರ ಒಂದು ಪ್ರತಿ ಮನೆಯಲ್ಲಿರಲಿ.

ಮೂರನೆಯದು ಓದು. ಪದವಿಯನ್ನು ಅರ್ಧಕ್ಕೆ ಬಿಟ್ಟು ಹಡಗು ಹತ್ತುವ ಆತುರ ಬೇಡ. ಮೊಣಕಾಲಿನ ಶಕ್ತಿ ನಲವತ್ತಕ್ಕೆ ಕುಂದುತ್ತದೆ, ಪದವಿ ಕುಂದುವುದಿಲ್ಲ. ಹಡಗಿನಿಂದ ಇಳಿದ ಮೇಲೆ ದಡದಲ್ಲಿ ಏನು ಮಾಡುವುದು ಎಂಬ ಯೋಚನೆ ಮೊದಲ ಕರಾರಿನಲ್ಲೇ ಇರಲಿ. ಊರಲ್ಲೊಂದು ಉಪಾಹಾರ ಗೃಹ, ಬೇಕರಿ, ಇಲ್ಲವೇ ದೊಡ್ಡ ಹೋಟೆಲಿನಲ್ಲಿ ಮೇಲ್ವಿಚಾರಕನ ಹುದ್ದೆ. ಗುರಿಯಿಲ್ಲದವನಿಗೆ ಹತ್ತು ಕರಾರು ಕಳೆದರೂ ಕೈಯಲ್ಲಿ ಉಳಿಯುವುದು ವಾಚು, ಫೋನು, ಫೋಟೋಗಳು.

ಇನ್ನು ಹೆತ್ತವರು ಒಂದು ಪರೀಕ್ಷೆಯನ್ನು ಮನೆಯಲ್ಲೇ ಮಾಡಬಹುದು. ಮನೆಯಲ್ಲಿ ಸಮಾರಂಭ ನಡೆದಾಗ ಮಗನಿಗೋ ಮಗಳಿಗೋ ಎರಡು ಪಂಕ್ತಿ ಬಡಿಸಲು ಹೇಳಿ. ಯಾರ ಎಲೆಯಲ್ಲಿ ಅನ್ನ ಮುಗಿದಿದೆ ಎಂದು ಕೇಳದೆಯೇ ತಿಳಿಯುತ್ತದೆಯೇ, ಮುದುಕರಿಗೆ ಮೆತ್ತಗೆ ಬಾಗಿ ಬಡಿಸುತ್ತಾರೆಯೇ, ಕೊನೆಯ ಪಂಕ್ತಿಯ ತನಕ ಮುಖದಲ್ಲಿ ನಗು ಉಳಿಯುತ್ತದೆಯೇ, ಎಲ್ಲರ ಊಟವಾದ ಮೇಲೆ ತಣ್ಣಗಾದ ಸಾರಿನಲ್ಲಿ ತಾವು ಉಣ್ಣಲು ಬೇಸರಪಡುತ್ತಾರೆಯೇ ನೋಡಿ. ಇಷ್ಟು ಬಂದರೆ ಉಳಿದದ್ದನ್ನು ಕಾಲೇಜು ಕಲಿಸುತ್ತದೆ. ಇದು ಬಾರದಿದ್ದರೆ ಬಿಳಿ ಹಡಗನ್ನು ಪಣಂಬೂರಿನ ದಡದಿಂದಲೇ ನೋಡಿ ಸಂತೋಷಪಡುವುದು ಮೇಲು.